ಗೋಪುರ ಹತ್ತಿದವರು

"ಅವರೂ ನಮ್ಮ ಗುಂಪಿನವರೇ," ಎಂದುಬಿಟ್ಟ.

ಅಂದ ಮೇಲೆ ನಾಲಗೆ ಕಚ್ಚಿಕೊಂಡ. ಅಷ್ಟರಲ್ಲಿ ಮಾತು ಕೈಮೀರಿತ್ತು. ಕೇಳಿದವರು ನಿವೃತ್ತ ಇಂಜಿನಿಯರು. ಬೇಲಿಯ ಕಂಬಿ ಹಿಡಿದು ಒಂದು ಪಕ್ಕಕ್ಕೆ ನಿಂತಿದ್ದ ಹೆಂಗಸನ್ನು ಗಲ್ಲದಲ್ಲೇ ತೋರಿಸಿ, "ಇವರು ನಿಮ್ಮ ಕಡೆಯವರಾ?" ಎಂದಿದ್ದರು. ಹೆಂಗಸಿನ ಕೈಯಲ್ಲಿ ನಾಲ್ಕು ಮಡಿಕೆ ಮಡಿಸಿದ ಟಿಕೆಟ್ಟಿತ್ತು. ಕಾಲಿಗೆ ಹೊಚ್ಚ ಹೊಸ ಬಿಳಿ ಕ್ಯಾನ್ವಾಸ್ ಬೂಟು. ಆ ಬೂಟನ್ನೇ ನೋಡುತ್ತ ಅವನು ಹಾಗೆ ಅಂದದ್ದು. ಮುಖ ನೋಡಿದ್ದರೆ ಬಹುಶಃ ಅನ್ನುತ್ತಿರಲಿಲ್ಲ.

ಅವಳು ಅವನ ಅಕ್ಕ. ಇರುವ ಒಬ್ಬಳೇ ಅಕ್ಕ.

ಅಕ್ಕನ ತುಟಿಯ ಮೇಲೆ ಬರಬೇಕೆಂದಿದ್ದ ನಗು ಒಂದು ಗಳಿಗೆ ಅಲ್ಲೇ ತಡೆದು ನಿಂತಿತು. ಆಮೇಲೆ ಅದೇ ನಗುವನ್ನು ಅವಳು ಇಂಜಿನಿಯರ ಕಡೆ ತಿರುಗಿಸಿ, "ಹೌದು, ನನ್ನದೂ ಟಿಕೆಟ್ ಇದೆ," ಎಂದು ಮಡಿಕೆ ಬಿಚ್ಚಿ ತೋರಿಸಿದಳು.

ಅಕ್ಕನನ್ನು ಮುಚ್ಚಿಡಬೇಕೆಂಬ ಯೋಚನೆ ಅವನಿಗಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವನ ಕೈಯಲ್ಲಿ ಪ್ರವಾಸಿಗರಿಗೆ ಊರು ತೋರಿಸುವ ಕಂಪನಿಯ ಕೆಂಪು ಕೊಡೆ ಇತ್ತು, ತಲೆಯ ಮೇಲೆ ಕಂಪನಿಯ ಕೆಂಪು ಟೋಪಿ. ಅಕ್ಕ ಆರು ವರ್ಷದಿಂದ ತನ್ನ ತಮ್ಮ ಪರಂಪರೆ ಇಲಾಖೆಯಲ್ಲಿ ಸಲಹೆಗಾರ ಎಂದು ನಂಬಿಕೊಂಡು, ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅವನು ಸುಳ್ಳು ಹೇಳಿರಲಿಲ್ಲ. ಹಳೇ ಕಟ್ಟಡಗಳ ಕೆಲಸ ಎಂದಿದ್ದ. ಇಲಾಖೆ, ಸಲಹೆ ಎರಡನ್ನೂ ಅವಳೇ ಸೇರಿಸಿಕೊಂಡಿದ್ದಳು. ಅವನು ತಿದ್ದಲು ಹೋಗಲಿಲ್ಲ, ಅಷ್ಟೆ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಅವನು ಕಾಲೇಜಿನಲ್ಲಿ ತಾತ್ಕಾಲಿಕ ಮೇಷ್ಟ್ರಾಗಿದ್ದ. ಅವನ ಸಂಶೋಧನಾ ಪ್ರಬಂಧ, ಮುನ್ನೂರ ನಲವತ್ತು ಪುಟ, ಕೊನೆಯ ಅಧ್ಯಾಯ ಒಂದಿಲ್ಲದೆ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಮಲಗಿತ್ತು.

ಒಂದು ನಿಮಿಷ ಬಿಟ್ಟು ಹೇಳಿದರಾಯಿತು, ತಮಾಷೆಗೆ ಹಾಗಂದೆ, ಇವರು ನಮ್ಮಕ್ಕ ಎಂದರಾಯಿತು ಎಂದುಕೊಂಡ. ಒಂದು ನಿಮಿಷ ಐದಾಯಿತು. ರಸ್ತೆ ದಾಟುವಷ್ಟರಲ್ಲಿ, ಹೇಳಬೇಕಾದರೆ ಯಾಕೆ ಆಗಲೇ ಹೇಳಲಿಲ್ಲ ಎನ್ನುವುದನ್ನೂ ಸೇರಿಸಿ ಹೇಳಬೇಕಾಗಿ ಬಂತು. ಆಮೇಲೆ ಅದು ಆಗದ ಮಾತಾಯಿತು.

ಗುಂಪೆಂದರೆ ಐದೇ ಜನ. ಇಂಜಿನಿಯರು, ಅವರ ಹೆಂಡತಿ, ಹೊಸದಾಗಿ ಮದುವೆಯಾದ ಒಂದು ಜೋಡಿ, ಅಕ್ಕ. ಬೆಳಗಿನ ಎಂಟೂವರೆಗೇ ಬಿಸಿಲು ಚುರುಕಾಗಿತ್ತು. ಕೊಡೆ ಎತ್ತಿ ಹಿಡಿದು ಅವನು ಮುಂದೆ ನಡೆದ. ಹಿಂದೆ ಐವರ ಹೆಜ್ಜೆ ಕೇಳಿಸುತ್ತಿತ್ತು. ಅದರಲ್ಲಿ ಒಂದು ಹೆಜ್ಜೆ ಒಮ್ಮೆ ಗಟ್ಟಿ, ಒಮ್ಮೆ ಮೆತ್ತಗೆ. ಅಕ್ಕನ ಬಲಮಂಡಿ ಇಷ್ಟು ಕೆಟ್ಟದ್ದು ಯಾವಾಗ ಎಂದು ಅವನಿಗೆ ಗೊತ್ತಿರಲಿಲ್ಲ.

ಮೊದಲು ಕಂದಾಯ ಕಚೇರಿ. ಆಳಿ ಹೋದವರು ಕಟ್ಟಿಸಿದ್ದು. ಎಂಟು ಕಂಬ, ಒಂದೊಂದೂ ಮೂರಾಳು ತಬ್ಬುವಷ್ಟು ದಪ್ಪ. ಕಂಬದ ಗಾರೆಗೆ ಹತ್ತು ಸಾವಿರ ಕೋಳಿಮೊಟ್ಟೆ ಸುರಿದಿದ್ದಾರೆಂದು ಅವನು ದಿನವೂ ಹೇಳುವಂತೆ ಹೇಳಿದ.

"ಪೂರ್ತಿ ಮೊಟ್ಟೆನಾ, ಬರೀ ಬಿಳೀದಾ?" ಎಂದರು ಇಂಜಿನಿಯರು.

"ಬಿಳೀದು ಮಾತ್ರ."

"ಹಾಗಾದ್ರೆ ಹಳದಿ ಏನು ಮಾಡಿದ್ರು?"

ಆರು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವನು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ಗಾರೆ ಕೆಲಸದವರ ಮಕ್ಕಳು ತಿಂದಿರ್ತಾರೆ ಬಿಡಿ," ಎಂದಳು ಅಕ್ಕ ಹಿಂದಿನಿಂದ. "ಒಂದು ವರ್ಷ ಆ ಕೇರಿಯಲ್ಲಿ ಯಾವ ಮಗುವಿನ ಕೆನ್ನೆಯೂ ಒಳಗೆ ಹೋಗಿರಲಿಕ್ಕಿಲ್ಲ."

ಎಲ್ಲರೂ ನಕ್ಕರು. ಹೊಸ ಹೆಂಡತಿ ಅದನ್ನು ಫೋನಿನಲ್ಲಿ ಬರೆದುಕೊಂಡಳು. ನಾಳೆಯಿಂದ ಇದನ್ನೂ ಸೇರಿಸಬೇಕು ಎಂದು ಅವನ ತಲೆಗೆ ಹೊಳೆದು, ಹೊಳೆದದ್ದಕ್ಕೇ ನಾಚಿಕೆಯಾಯಿತು.

ನ್ಯಾಯಾಲಯದ ದಾರಿಯಲ್ಲಿ ಇಂಜಿನಿಯರ ಹೆಂಡತಿ ಅಕ್ಕನ ಜೊತೆ ಮಾತಿಗಿಳಿದಿದ್ದರು.

"ಈ ಊರಿಗೆ ಮೊದಲ ಸಲಾನಾ?"

"ಹೌದು. ಮೊದಲನೇ ಸಲ."

ಐವತ್ತಾರು ವರ್ಷ ಈ ಊರಿನ ನೀರು ಕುಡಿದವಳು ಕಣ್ಣು ಮಿಟುಕಿಸದೆ ಹಾಗೆಂದಳು.

"ಹೇಗನ್ನಿಸ್ತು?"

"ಪರವಾಗಿಲ್ಲ. ಬಿಸಿಲು ಜಾಸ್ತಿ."

ನ್ಯಾಯಾಲಯಕ್ಕೆ ಹತ್ತೊಂಬತ್ತು ಮೆಟ್ಟಿಲು. ಅದರಲ್ಲಿ ಹದಿನಾಲ್ಕನೆಯದು ಉಳಿದವಕ್ಕಿಂತ ಅರ್ಧ ಇಂಚು ಎತ್ತರ, ಸುಳ್ಳುಸಾಕ್ಷಿ ಹೇಳಲು ಬಂದವರು ಅಲ್ಲಿ ಎಡವುತ್ತಾರೆ ಎಂಬ ಕಥೆ ಅವನೇ ಕಟ್ಟಿದ್ದು. ಒಂದು ಮಧ್ಯಾಹ್ನ ಬೇಸರಕ್ಕೆ ಹುಟ್ಟಿಸಿದ್ದು. ಈಗ ವಕೀಲರೂ ಹೇಳುತ್ತಾರಂತೆ. ಇಂಜಿನಿಯರು ಬಗ್ಗಿ ಗೇಣು ಹಾಕಿ ಅಳೆದರು. ಎಲ್ಲ ಮೆಟ್ಟಿಲೂ ಒಂದೇ ಸಮ. ಅವರು ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತರು. ಅಷ್ಟರಲ್ಲಿ ಅಕ್ಕ ಅದೇ ಮೆಟ್ಟಿಲಿನ ಮೇಲೆ ನಿಜವಾಗಿ ಎಡವಿದಳು.

ಅವನ ಕೈ ತಾನಾಗಿಯೇ ಮುಂದೆ ಹೋಗಿತ್ತು. ಆದರೆ ಇಂಜಿನಿಯರ ಹೆಂಡತಿ ಹತ್ತಿರವಿದ್ದರು. ಅವರೇ ರಟ್ಟೆ ಹಿಡಿದರು. ಅಕ್ಕ ಮಂಡಿ ಉಜ್ಜಿಕೊಳ್ಳುತ್ತ ಅವನ ಕಡೆ ನೋಡಿ, ಮೊದಲನೇ ಸಲ ಎಂದ ತನ್ನ ಮಾತು ನೆನಪಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನಿಗೂ ನಗು ಬಂತು. ಚಿಕ್ಕಂದಿನಲ್ಲಿ ಅಮ್ಮ ಬೈಯುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ತಡೆದುಕೊಳ್ಳುತ್ತಿದ್ದಂಥ ನಗು. ಅವನು ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಅತ್ತ ತಿರುಗಿದ.

ಆಮೇಲೆ ಟೀ. ನ್ಯಾಯಾಲಯದ ಹಿಂದಿನ ಓಣಿಯಲ್ಲಿ ಒಂದು ಅಂಗಡಿ, ಎರಡು ಬೆಂಚು. ಅಲ್ಲಿ ಹತ್ತು ನಿಮಿಷ ಎಂದು ಕಂಪನಿಯ ಪಟ್ಟಿಯಲ್ಲೇ ಬರೆದಿತ್ತು. ಲೋಟ ಹಿಡಿದುಕೊಂಡು ಅವನು ಅಕ್ಕ ಕೂತ ಬೆಂಚಿನ ಪಕ್ಕ ಹೋಗಿ, ಎದುರಿನ ಗೋಡೆ ನೋಡುತ್ತ ನಿಂತ.

"ಹೇಗೆ ಬಂದೆ?"

"ಬಸ್ಸಲ್ಲಿ."

"ಅದಲ್ಲ."

"ಪಕ್ಕದ ಮನೆ ಹುಡುಗಿ ಫೋನಲ್ಲಿ ನಿನ್ನ ತೋರಿಸಿದ್ಲು. ಗೋಪುರದ ಕಡೆ ಕೈ ಮಾಡಿ ಏನೋ ಹೇಳ್ತಿದ್ದೆ. ಜನ ಎಲ್ಲ ಬಾಯಿ ಬಿಟ್ಕೊಂಡು ಕೇಳ್ತಿದ್ರು. ಅವಳ ಫೋನ್ ಬಿದ್ದು ಅದರ ಧ್ವನಿ ಸತ್ತುಹೋಗಿದೆ. ಏನು ಹೇಳ್ತೀಯೋ ಕೇಳೋಣ ಅಂತ ಬಂದೆ."

"ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ?"

"ಹೇಳ್ತಿದ್ದೆಯಾ?"

ಅವನು ಟೀ ಕುಡಿದ. "ಮಂಡಿಗೆ ಏನಾಗಿದೆ?"

"ಬರೋ ಗುರುವಾರ ಆಪರೇಷನ್. ಆಮೇಲೆ ಮೂರು ತಿಂಗಳು ಹೊಸಿಲು ದಾಟೋ ಹಾಗಿಲ್ಲ. ಅದಕ್ಕೇ ಈಗಲೇ ಬಂದೆ."

"ಹೇಳಲೇ ಇಲ್ಲ."

"ಫೋನ್ ಮಾಡಿದ್ದೆ. ಮೀಟಿಂಗಲ್ಲಿದೀನಿ ಅಂದೆ ನೀನು." ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಆಡಿಸುತ್ತ, "ಆ ಟೋಪಿ ನಿನಗೆ ಒಪ್ಪುತ್ತೆ ಕಣೋ," ಎಂದಳು.

ಇಂಜಿನಿಯರ ಹೆಂಡತಿ ಇತ್ತ ಬಂದರು. ಅಕ್ಕ ತಕ್ಷಣ, "ಟೀ ಚೆನ್ನಾಗಿದೆ ಅಲ್ವಾ, ಸರ್?" ಎಂದಳು.

ಸರ್ ಎಂಬ ಆ ಮಾತು ಅವನಿಗೆ ಎಲ್ಲೋ ನಾಟಿತು. ಹಾಗೆ ನಾಟುವುದಕ್ಕೆ ತನಗೆ ಹಕ್ಕಿಲ್ಲ ಎಂದೂ ಅನ್ನಿಸಿತು.

ಮುಂದಿನದು ಗಡಿಯಾರದ ಗೋಪುರ. ಅವನು ಟೀ ಲೋಟ ಕೆಳಗಿಡುತ್ತ, ಆ ಕಡೆ ರಸ್ತೆ ಅಗೆದಿದ್ದಾರಂತೆ, ಇವತ್ತು ಗೋಪುರ ಬಿಟ್ಟು ಹಳೇ ಸೇತುವೆಗೆ ಹೋಗೋಣ ಎಂದ. ಯಾರೂ ಒಪ್ಪಲಿಲ್ಲ. "ಅಯ್ಯೋ, ಆ ಕಥೆ ಕೇಳೋಕೇ ನಾವು ಬಂದಿದ್ದು," ಎಂದಳು ಹೊಸ ಹೆಂಡತಿ. "ನಮ್ಮ ಅತ್ತಿಗೆ ಹೋದ ತಿಂಗಳು ಬಂದಿದ್ರು. ನೀವು ಹೇಳುವಾಗ ಮೈ ಜುಂ ಅಂತು ಅಂದ್ರು." ಅಕ್ಕ ಬೂಟಿನ ಲೇಸು ಬಿಗಿಮಾಡಿಕೊಳ್ಳುತ್ತಿದ್ದಳು.

ಅವರ ಅಪ್ಪ ಆ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸದಲ್ಲಿದ್ದರು. ನಗರಸಭೆಯ ನೌಕರಿ. ವಾರಕ್ಕೆ ಎರಡು ಸಲ ಮೇಲೆ ಹತ್ತಿ ಕೀಲಿ ತಿರುಗಿಸುವುದು, ಎಣ್ಣೆ ಬಿಡುವುದು, ಪಾರಿವಾಳ ಓಡಿಸುವುದು. ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಒಂದು ಸಂಜೆ ಅಪ್ಪ ಮನೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಮ್ಮ ತುಟಿ ಹೊಲಿದುಕೊಂಡವಳ ಹಾಗೆ ಕೂತುಬಿಟ್ಟಳು. ಅವನು ಊಟ ಬಿಟ್ಟ. ಮೂರನೆಯ ದಿನ ಅಕ್ಕ ಅವನನ್ನು ಎತ್ತಿಕೊಂಡು ತಾರಸಿಗೆ ಹೋಗಿ, ಮನೆಗಳ ತಲೆಯಾಚೆ ಕಾಣುತ್ತಿದ್ದ ಗೋಪುರ ತೋರಿಸಿದಳು. ಅಪ್ಪ ಮೇಲಿದ್ದಾರೆ ಮರಿ, ಗಡಿಯಾರ ಬಿಟ್ಟು ಬರೋ ಹಾಗಿಲ್ಲ, ಅವರು ಬಿಟ್ರೆ ಊರಲ್ಲಿ ಯಾರಿಗೂ ಹೊತ್ತು ಗೊತ್ತಾಗಲ್ಲ ಎಂದಳು. ಊಟಕ್ಕೇನು ಮಾಡುತ್ತಾರೆ ಎಂದು ಅವನು ಕೇಳಿದ. ಅಕ್ಕ ಯೋಚಿಸಿ, ಡಬ್ಬಿ ತೊಳೆದು ಬೋರಲು ಹಾಕಿದ್ದಾರಂತೆ, ಕಾವಲುಗಾರ ನೋಡಿ ಬಂದ, ಅಂದರೆ ಊಟ ಆಯಿತು ಅಂತ ತಾನೆ ಎಂದಳು. ಅಂದಿನಿಂದ ಗಂಟೆ ಹೊಡೆದಾಗಲೆಲ್ಲ ಒಂದೊಂದು ತುತ್ತು. ಎಂಟು ಗಂಟೆಗೆ ಎಂಟು ತುತ್ತು. ಹಾಗೆ ಅವಳು ಅವನನ್ನು ಬೆಳೆಸಿದಳು.

ಹದಿಮೂರಕ್ಕೆ ನಿಜ ಗೊತ್ತಾಯಿತು. ಶಾಲೆಯಲ್ಲಿ ಯಾರೋ ಮುಖಕ್ಕೆ ಹೊಡೆದಂತೆ ಹೇಳಿದರು. ಅಪ್ಪ ಹೊಳೆಯಾಚೆಯ ಕೇರಿಯಲ್ಲಿ ಇನ್ನೊಂದು ಸಂಸಾರ ಕಟ್ಟಿಕೊಂಡು ಕೈಗಡಿಯಾರ ರಿಪೇರಿ ಮಾಡಿಕೊಂಡಿದ್ದರು. ಒಮ್ಮೆ ಅವನು ಸೇತುವೆಯ ನಡುವಿನವರೆಗೂ ಹೋಗಿ ಹಿಂದೆ ಬಂದಿದ್ದ. ಅಪ್ಪ ತೀರಿಕೊಂಡು ಹದಿನೈದು ವರ್ಷ. ಅಂದು ಅಕ್ಕ ಹೋಗಿದ್ದಳು. ಅವನಿಗೆ ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆ ಇತ್ತು. ಅಕ್ಕನಾಗಲಿ ಅವನಾಗಲಿ ಈ ವಿಷಯ ಇವತ್ತಿನವರೆಗೂ ಎತ್ತಿದವರಲ್ಲ.

ಆದರೆ ಕಂಪನಿ ಸೇರಿದ ಮೊದಲ ವಾರ, ಈ ಗೋಪುರದ ಕೆಳಗೆ ಹನ್ನೆರಡು ಜನರೆದುರು ನಿಂತು, ಕಟ್ಟಿದ ವರ್ಷ, ಕಲ್ಲಿನ ಜಾತಿ ಎಲ್ಲ ಮುಗಿದು, ಜನ ಆಕಳಿಸತೊಡಗಿದಾಗ ಅವನ ಬಾಯಿಗೆ ತಾನಾಗಿ ಬಂದದ್ದು ಅಕ್ಕನ ಕಥೆ. ಜನ ಆಕಳಿಕೆ ನುಂಗಿದರು.

ಇವತ್ತು ಚುಟುಕಾಗಿ ಮುಗಿಸಬೇಕೆಂದುಕೊಂಡ. ಆದರೆ ಆರು ವರ್ಷ ಪಳಗಿದ ನಾಲಗೆ ತನ್ನ ಪಾಡಿಗೆ ತಾನು ಹೊರಟಿತು.

"ನೂರ ನಲವತ್ತೆರಡು ಮೆಟ್ಟಿಲು. ಕೀಲಿ ಕೊಡುವವನು ಹದಿನೆಂಟು ವರ್ಷ ಹತ್ತಿ ಇಳಿದ. ಒಂದು ಸಂಜೆ ಕೈಯಲ್ಲಿ ಊಟದ ಡಬ್ಬಿ ಹಿಡಿದು ಹತ್ತಿದ. ಇಳಿಯಲಿಲ್ಲ. ಕಾವಲುಗಾರ ಕತ್ತಲಾಗೋವರೆಗೂ ಕಾದ. ಬೆಳಿಗ್ಗೆ ಜನ ಹತ್ತಿ ನೋಡ್ತಾರೆ, ಕೋಣೆ ಖಾಲಿ. ಇರೋದು ಒಂದೇ ಬಾಗಿಲು, ಒಂದೇ ಕಿಟಕಿ, ಕಿಟಕಿಗೆ ಕಂಬಿ. ಮೂಲೆಯಲ್ಲಿ ಒಂದು ಜೊತೆ ಚಪ್ಪಲಿ. ಪಕ್ಕದಲ್ಲಿ ಊಟದ ಡಬ್ಬಿ. ತೊಳೆದು, ಒರೆಸಿ, ಬೋರಲು ಹಾಕಿದ್ದ ಡಬ್ಬಿ."

ಇಲ್ಲಿ ಅವನು ಸಾಮಾನ್ಯವಾಗಿ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತಿದ್ದ. ಇವತ್ತೂ ಇದ್ದ. ಅಕ್ಕನ ಕೈ ಮೆಲ್ಲಗೆ ಎದ್ದು ಬಾಯಿಯ ಮೇಲೆ ಹೋದದ್ದು ಕಂಡಿತು. ಅಳುವೋ ನಗುವೋ ತಿಳಿಯಲಿಲ್ಲ.

"ಆಮೇಲೆ ಮೂರು ವಾರ ಗಡಿಯಾರಕ್ಕೆ ಯಾರೂ ಕೀಲಿ ಕೊಡಲಿಲ್ಲ. ಆದರೂ ಅದು ನಿಲ್ಲಲಿಲ್ಲ. ಈಗಲೂ ಕೆಲವರಿಗೆ ಸಂಜೆ ಹೊತ್ತು ಆ ಕಿಟಕಿಯಲ್ಲಿ ಒಂದು ತಲೆ ಕಾಣುತ್ತಂತೆ."

ಹೊಸ ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ಇಂಜಿನಿಯರು ಕಿಟಕಿಯ ಅಳತೆಯನ್ನು ಕಣ್ಣಲ್ಲೇ ತೆಗೆಯುತ್ತಿದ್ದರು. ಅಕ್ಕ ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದಳು.

"ಸರ್, ಅವನಿಗೆ ಮನೆ ಮಠ ಇರಲಿಲ್ವಾ? ಹೆಂಡತಿ, ಮಕ್ಕಳು?"

ಇದನ್ನೂ ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಚಪ್ಪಲಿ, ಕಂಬಿ, ಕಾವಲುಗಾರ, ಎಲ್ಲದರ ಬಗ್ಗೆ ಕೇಳಿದ್ದರು.

"ದಾಖಲೆಯಲ್ಲಿ ಆ ವಿಷಯ ಸಿಗಲ್ಲ, ಮೇಡಂ."

"ಇರಲಿಲ್ಲ ಅಂತ ಬರೆದಿದ್ದಾರಾ? ಇಲ್ಲಾ, ಬರೆದೇ ಇಲ್ವಾ?"

"ಬರೆದಿಲ್ಲ."

"ಹಾಗಾದ್ರೆ ಇದ್ದಿರಬಹುದು," ಎಂದರು ಇಂಜಿನಿಯರು, ನ್ಯಾಯವಾಗಿ.

"ಇದ್ದಿರಬಹುದು," ಎಂದ ಅವನು. ಕೊಡೆ ಎತ್ತಿದ. "ಬನ್ನಿ, ಮುಂದಕ್ಕೆ ಹೋಗೋಣ."

ಚೌಕದ ಎದುರು ಬದಿಗೆ ಹಳೇ ದೂರವಾಣಿ ಕಚೇರಿ. ಹಳದಿ ಸುಣ್ಣ, ಉದ್ದುದ್ದ ಕಿಟಕಿ, ಹಲಗೆ ಬಡಿದು ಮುಚ್ಚಿದ ಬಾಗಿಲು. ಅದನ್ನು ಅವನು ದಿನವೂ ನಡೆಯುತ್ತಲೇ ದಾಟಿಸುತ್ತಿದ್ದ. ಇವತ್ತೂ ಅಭ್ಯಾಸಬಲದಿಂದ, "ಇಲ್ಲಿ ನೋಡೋಕೆ ಅಂಥಾದ್ದೇನಿಲ್ಲ," ಎಂದು ನಾಲ್ಕು ಹೆಜ್ಜೆ ಮುಂದೆ ಹೋದ. ಹಿಂದಿನಿಂದ ಒಂದು ಗಟ್ಟಿ ಒಂದು ಮೆತ್ತಗಿನ ಹೆಜ್ಜೆ ಕೇಳಿಸಲಿಲ್ಲ. ತಿರುಗಿದ. ಅಕ್ಕ ಬಾಗಿಲೆದುರು ನಿಂತುಬಿಟ್ಟಿದ್ದಳು. ಅವಳು ನಿಂತಳೆಂದು ಉಳಿದವರೂ ನಿಂತಿದ್ದರು.

ಇಪ್ಪತ್ತೇಳು ವರ್ಷ ಅಕ್ಕ ಈ ಬಾಗಿಲಲ್ಲಿ ಒಳಗೆ ಹೋಗಿ ಹೊರಗೆ ಬಂದವಳು. ಆಪರೇಟರ್ ಕೆಲಸ. ಅವನ ಶಾಲೆ, ಕಾಲೇಜು, ಅಮ್ಮನ ಔಷಧಿ ಎಲ್ಲ ಈ ಬಾಗಿಲಿನಿಂದ ಬಂದದ್ದು. ಕಟ್ಟಡದ ವಾಸ್ತುಶಿಲ್ಪಿಯ ಹೆಸರು ಅವನಿಗೆ ಗೊತ್ತಿತ್ತು. ಒಳಗೆ ಅಕ್ಕನ ಕುರ್ಚಿ ಯಾವ ಕಿಟಕಿಯ ಹತ್ತಿರವಿತ್ತೆಂದು ಗೊತ್ತಿರಲಿಲ್ಲ.

"ಇದು ಏನಾಗಿತ್ತು?" ಎಂದಳು ಹೊಸ ಹೆಂಡತಿ.

ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿದಳು. "ಟೆಲಿಫೋನ್ ಆಫೀಸು. ನಮ್ಮ ಊರಲ್ಲೂ ಹೀಗೇ ಒಂದಿತ್ತು, ನಾನು ಕೆಲಸ ಮಾಡಿದ್ದು. ಇಷ್ಟೇ ಉದ್ದದ ಕೋಣೆ. ಸಾಲಾಗಿ ಇಪ್ಪತ್ನಾಲ್ಕು ಹುಡುಗಿಯರು, ಕಿವಿಗೆ ಕೇಳೋ ಯಂತ್ರ, ಕೈಯಲ್ಲಿ ವೈರು. ಈ ವೈರು ತೆಗೆದು ಆ ತೂತಿಗೆ ಚುಚ್ಚಿದ್ರೆ ಯಾರೋ ಯಾರ ಜೊತೆಗೋ ಮಾತಾಡ್ತಿದ್ರು. ಬೇಸಿಗೆಯಲ್ಲಿ ಯಂತ್ರ ಕಾಯುತ್ತೆ ಅಂತ ಕಾಲಡಿ ತಟ್ಟೆಯಲ್ಲಿ ಐಸ್‌ಗಡ್ಡೆ ಇಡ್ತಿದ್ರು. ಯಂತ್ರಕ್ಕೆ, ನಮಗಲ್ಲ. ನಾವು ಚಪ್ಪಲಿ ಬಿಟ್ಟು ಕಾಲು ಅದರ ಮೇಲಿಡ್ತಿದ್ವಿ. ಅದಕ್ಕೇ ಇರಬೇಕು ನೋಡಿ, ನಮ್ಮ ಸಾಲಿನವರಿಗೆಲ್ಲ ಈಗ ಮಂಡಿನೋವು."

"ಬೇರೆಯವರ ಮಾತು ಕೇಳಿಸಿಕೊಳ್ತಿದ್ರಾ?" ಎಂದರು ಇಂಜಿನಿಯರ ಹೆಂಡತಿ, ಆಸೆಯಿಂದ.

"ಕೇಳಬಾರದು ಅಂತ ರೂಲು. ಕೇಳ್ತಿದ್ವಿ." ಅಕ್ಕ ಮುಚ್ಚಿದ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ಮೂರನೆಯದರ ಹತ್ತಿರ ಕಣ್ಣು ನಿಲ್ಲಿಸಿದಳು. "ಒಬ್ಬ ಮನುಷ್ಯ ಇದ್ದ. ತಿಂಗಳಿಗೊಂದು ಸಲ, ಮೊದಲನೇ ಸೋಮವಾರ ಫೋನ್ ಮಾಡೋನು. ಯಾವ ನಂಬರ್ ಬೇಕು ಅಂದ್ರೆ, ನಂಬರ್ ಬೇಡಮ್ಮಾ, ಟೈಮ್ ಎಷ್ಟು ಹೇಳು ಅನ್ನೋನು. ಹೇಳ್ತಿದ್ದೆ. ಸರಿ ಅಂತ ಇಟ್ಟುಬಿಡೋನು. ಅಷ್ಟೇ. ವರ್ಷಗಟ್ಟಲೆ."

"ಪಾಪ, ಗಡಿಯಾರ ಇರಲಿಲ್ವೇನೋ," ಎಂದ ಹೊಸ ಗಂಡ.

"ಇತ್ತು. ಅವನ ಫೋನಿನ ಹಿಂದೆ ಟಿಕ್ ಟಿಕ್ ಕೇಳಿಸೋದು. ಒಂದಲ್ಲ, ತುಂಬಾ."

ಅವನು ಎತ್ತಿ ಹಿಡಿದಿದ್ದ ಕೊಡೆಯನ್ನು ಕೆಳಗಿಳಿಸಿದ.

"ಒಂದೇ ಒಂದು ಸಲ ಬೇರೆ ಕೇಳಿದ," ಎಂದಳು ಅಕ್ಕ. "ಜೂನ್ ತಿಂಗಳು, ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಮಾರನೇ ದಿನ. ಟೈಮ್ ಹೇಳಿದೆ. ಸರಿ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಚಿಕ್ಕೋನು ಪಾಸಾದ್ನಾ ಅಂದ."

"ಯಾರು ಚಿಕ್ಕೋನು?"

"ಯಾರೋ. ನನಗೇನು ಗೊತ್ತು. ಫಸ್ಟ್ ಕ್ಲಾಸು ಅಂದೆ. ಲೈನ್ ಕಟ್ಟಾಯ್ತು. ರಾಂಗ್ ನಂಬರ್ ಇರಬೇಕು ಬಿಡಿ."

ಇಂಜಿನಿಯರ ಹೆಂಡತಿ ಮೂಗು ಒರೆಸಿಕೊಂಡರು. ಮೂರನೆಯ ಕಿಟಕಿಯ ಹಲಗೆಯ ಸಂದಿನಲ್ಲಿ ಒಂದು ಗುಬ್ಬಿ ಹುಲ್ಲುಕಡ್ಡಿ ಸೇರಿಸಲು ಹೆಣಗುತ್ತಿತ್ತು. ಎಲ್ಲರೂ ಗೈಡನ ಮುಖ ನೋಡಿದರು, ಈ ಕಟ್ಟಡದ ಬಗ್ಗೆ ಅವನೂ ಏನಾದರೂ ಹೇಳುತ್ತಾನೇನೋ ಎಂದು. ಇವರು ನಮ್ಮಕ್ಕ ಎಂದು ಹೇಳಲು ಇಡೀ ದಿನದಲ್ಲಿ ಇದಕ್ಕಿಂತ ಒಳ್ಳೆಯ ಗಳಿಗೆ ಬರುವಂತಿರಲಿಲ್ಲ.

ಅವನು ಕೈಗಡಿಯಾರ ನೋಡಿಕೊಂಡ. "ಹನ್ನೊಂದಕ್ಕೆ ಮುಗಿಸಬೇಕು. ಇನ್ನೊಂದೇ ಕಟ್ಟಡ."

ಇನ್ನೊಂದು ಕಟ್ಟಡದಲ್ಲಿ ಅವನು ಏನು ಹೇಳಿದನೆಂದು ಅವನಿಗೇ ನೆನಪಿಲ್ಲ. ಇಂಜಿನಿಯರು ಕೈ ಕುಲುಕಿ, ಮೊಟ್ಟೆಯ ಲೆಕ್ಕ ಮಾತ್ರ ಸ್ವಲ್ಪ ನೋಡಿಕೊಳ್ಳಿ ಎಂದರು. ಅವರ ಹೆಂಡತಿ ಅಕ್ಕನ ಫೋನ್ ನಂಬರ್ ಬರೆದುಕೊಂಡು, ನಮ್ಮ ಕಡೆ ಬಂದ್ರೆ ಮನೆಗೆ ಬನ್ನಿ ಎಂದು ನಾಲ್ಕು ಸಲ ಹೇಳಿದರು. ಹೊಸ ಜೋಡಿ ಅವನ ಜೊತೆ ಫೋಟೋ ತೆಗೆಸಿಕೊಂಡಿತು. ಫೋಟೋ ತೆಗೆದುಕೊಟ್ಟವಳು ಅಕ್ಕ. "ಸರ್, ಸ್ವಲ್ಪ ನಗಿ," ಎಂದಳು.

ಎಲ್ಲರೂ ಹೋದ ಮೇಲೆ ಇಬ್ಬರೂ ಚೌಕಕ್ಕೆ ವಾಪಸು ಬಂದರು. ಬಸ್ಸು ನಿಲ್ಲುವುದು ಗೋಪುರದ ಕೆಳಗೆ. ಈಗ ಅವನು ಅಕ್ಕನ ಕೈ ಹಿಡಿದುಕೊಂಡಿದ್ದ. ನೋಡುವವರು ಯಾರೂ ಇರಲಿಲ್ಲ.

"ಟೋಪಿ ವಿಷಯ," ಎಂದ.

"ಬಿಡು."

"ಇಲಾಖೆ ಅಂತ ನಾನು ಹೇಳಿರಲಿಲ್ಲ."

"ಗೊತ್ತು ಕಣೋ. ನಾನೇ ಅಂದುಕೊಂಡಿದ್ದು. ಸಲಹೆಗಾರ ಅಂದ್ರೆ ಕೂತಲ್ಲೇ ಕೂತಿರ್ತಾರೆ. ನೀನು ನಡೀತೀಯ. ಅದೇ ಒಳ್ಳೇದು, ಮೈಗೆ." ಅವಳು ಕಲ್ಲಿನ ಕಟ್ಟೆಯ ಮೇಲೆ ಕೂತು ಬೂಟಿನ ಲೇಸು ಸಡಿಲಿಸಿದಳು. "ಡಬ್ಬಿಯ ಮಾತು ಬರೋವಾಗ ಸುಮ್ಮನಿದ್ದೆಯಲ್ಲ, ಅಲ್ಲಿ ಚೆನ್ನಾಗಿತ್ತು. ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ."

"ಅಕ್ಕ."

"ಹೂಂ."

"ಅದು ನಿಜಾನಾ?"

"ಯಾವುದು?"

"ಫೋನು."

ಅಕ್ಕ ಅವನ ಮುಖ ನೋಡಿದಳು. ಆರು ವರ್ಷದವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವನಿಗೆ ಎಷ್ಟು ಹಸಿವಾಗಿದೆ ಎಂದು ಅಂದಾಜು ಮಾಡುವವಳ ಹಾಗೆ ನೋಡಿದಳು.

"ನಿನ್ನ ಡಬ್ಬಿಯಷ್ಟು ನಿಜ," ಎಂದಳು.

ಅವನು ಮುಂದೆ ಕೇಳಲಿಲ್ಲ. ಕೇಳಿದರೆ ಅವಳು ಹೇಳುತ್ತಿದ್ದಳೋ ಏನೋ. ಒಂದರ ಹಿಂದೆ ಒಂದರಂತೆ ನೂರು ಟಿಕ್ ಟಿಕ್ ಕೇಳಿಸುವ ಒಂದು ಸಣ್ಣ ಅಂಗಡಿ, ಫೋನು ಕಿವಿಗಿಟ್ಟುಕೊಂಡು ಸುಮ್ಮನೆ ನಿಂತ ಒಬ್ಬ ಮನುಷ್ಯ, ಇವೆರಡೂ ಅವನ ಕಣ್ಣೆದುರು ಬಂದು ನಿಂತಿದ್ದವು. ಬೆಳಿಗ್ಗೆ ಅವು ಇರಲಿಲ್ಲ. ಅವು ಇದ್ದವೋ, ಅಥವಾ ಚೌಕದ ಆ ಬದಿಯಲ್ಲಿ ಐದು ನಿಮಿಷದಲ್ಲಿ ಅಕ್ಕ ಅವನಿಗೆಂದು ಮಾಡಿಕೊಟ್ಟಳೋ, ಅದು ತಿಳಿಯುವ ದಾರಿ ಇರಲಿಲ್ಲ.

ಬಸ್ಸು ಬರಲಿಲ್ಲ. ಬಂದದ್ದು ಇನ್ನೊಂದು ಗುಂಪು.

ಇಪ್ಪತ್ತೈದು ಜನರಿದ್ದರು, ಎಲ್ಲರ ಕೊರಳಲ್ಲೂ ಹಳದಿ ಪಟ್ಟಿ. ಮುಂದೆ ಸೊಂಟಕ್ಕೆ ಸ್ಪೀಕರ್ ಕಟ್ಟಿಕೊಂಡ ಒಬ್ಬ ಹೆಂಗಸು. ಅವಳ ಗುರುತು ಅವನಿಗೆ ಸಿಕ್ಕಿತು. ಹೋದ ವರ್ಷ ಅವನ ಗುಂಪಿನಲ್ಲಿ ಎರಡು ಸಲ ಬಂದು, ಪುಸ್ತಕದಲ್ಲಿ ಎಲ್ಲ ಬರೆದುಕೊಂಡು ಹೋದವಳು. ಗುಂಪು ಬಂದು ಕಟ್ಟೆಯ ಸುತ್ತಲೇ ನಿಂತಿತು. ಅಕ್ಕ, ತಮ್ಮ ಇಬ್ಬರೂ ಅದರೊಳಗೆ ಸಿಕ್ಕಿಕೊಂಡರು. ಯಾರೂ ಅವರನ್ನು ನೀವ್ಯಾರು ಎನ್ನಲಿಲ್ಲ.

ಸ್ಪೀಕರಿನ ಹೆಂಗಸು ಚೆನ್ನಾಗಿ ಹೇಳುತ್ತಿದ್ದಳು. ಮೆಟ್ಟಿಲು ಇನ್ನೂರ ಹತ್ತಾಗಿತ್ತು. ಡಬ್ಬಿ ಹಾಗೇ ಇತ್ತು. ಆಮೇಲೆ ಅವಳು ದನಿ ತಗ್ಗಿಸಿದಳು.

"ಆದರೆ ತುಂಬ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಕೀಲಿ ಕೊಡುವವನಿಗೆ ಒಬ್ಬ ಚಿಕ್ಕ ಮಗ ಇದ್ದ. ಒಬ್ಬನೇ ಮಗ. ಅಪ್ಪ ಬರಲಿಲ್ಲ ಅಂತ ಅವನು ಮೂರು ದಿನ ಊಟ ಮಾಡಲಿಲ್ಲ. ನಾಲ್ಕನೇ ದಿನ, ಕಾವಲುಗಾರನ ಕಣ್ಣು ತಪ್ಪಿಸಿ, ಅಪ್ಪನ್ನ ಹುಡುಕ್ಕೊಂಡು ಮೇಲೆ ಹತ್ತಿದ. ಅವನೂ ಇಳಿಯಲಿಲ್ಲ. ಈಗಲೂ ಅಲ್ಲೇ ಇದ್ದಾನೆ. ದೊಡ್ಡವನಾಗಲೇ ಇಲ್ಲ."

ಅಕ್ಕ ಅವನ ಕಿವಿಯ ಹತ್ತಿರ ಬಗ್ಗಿ, "ನನ್ನ ಬಿಟ್ಟೇಬಿಟ್ರಲ್ಲೋ," ಎಂದಳು ಮೆಲ್ಲಗೆ, ನಗುತ್ತ. ಅವಳ ಕೈ ಅವನ ಮುಂಗೈ ಮೇಲಿತ್ತು. ಹಗುರವಾಗಿತ್ತು.

ಅವನಿಗೆ ನಗು ಬರಲಿಲ್ಲ. ಮೂರು ದಿನ ಊಟ ಬಿಟ್ಟದ್ದನ್ನು ತಾನು ಯಾವ ಗುಂಪಿಗೂ, ಯಾವತ್ತೂ ಹೇಳಿರಲಿಲ್ಲ. ಅಥವಾ ಹೇಳಿದ್ದನೋ.

"ಅಗೋ," ಎಂದರು ಯಾರೋ. "ಎಡಗಡೆ. ಚಿಕ್ಕ ತಲೆ."

ಇಪ್ಪತ್ತೈದು ಕುತ್ತಿಗೆಗಳು ಹಿಂದಕ್ಕೆ ಬಾಗಿದವು. ಫೋನುಗಳು ಎದ್ದವು. ಅವನಿಗೆ ತಲೆ ಎತ್ತಲಾಗಲಿಲ್ಲ. ಅವನು ಜನರನ್ನು ನೋಡಿದ. ಬಿಸಿಲಿಗೆ ಕಿರಿದಾದ ಕಣ್ಣುಗಳು, ಅರ್ಧ ತೆರೆದ ಬಾಯಿಗಳು, ಗಂಟಲಿನ ಮೇಲೆ ಹರಿದ ಬೆವರು, ಎಲ್ಲವೂ ಮೇಲೆ, ಒಂದೇ ಕಡೆ, ಅವನನ್ನು ಹುಡುಕುತ್ತಿದ್ದವು. ಕೆಳಗೆ ಅವನ ಪಕ್ಕದಲ್ಲಿದ್ದವರ ಮೊಣಕೈ ಅವನ ಎದೆಗೆ ತಗುಲಿತು. ಅವರು ತಿರುಗಿ ನೋಡದೆಯೇ ಸ್ವಲ್ಪ ಸರಿದು ನಿಂತರು.

ಬಸ್ಸು ಬಂದು ನಿಂತು, ಹಾರ್ನ್ ಹೊಡೆದು, ಹೊರಟುಹೋಯಿತು.

"ಅಕ್ಕ, ಬಸ್ಸು," ಎಂದ ಅವನು.

ಅಕ್ಕ ಕಟ್ಟೆಯ ಮೇಲಿಂದ ಎದ್ದು, ಕೆಟ್ಟ ಮಂಡಿಯ ಮೇಲೂ ಭಾರ ಬಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ಕಿಟಕಿಯತ್ತ ನೋಡುತ್ತಿದ್ದಳು.

"ಅಕ್ಕ."

"ಸುಮ್ನಿರಪ್ಪಾ ಒಂದು ನಿಮಿಷ," ಎಂದಳು ಅವನ ಕಡೆ ತಿರುಗದೆ. "ಮರಿ ಕಾಣ್ತಾನಾ ನೋಡ್ತಿದೀನಿ."